ಶನಿವಾರ ಹೊರಟವರು ಸೋಮವಾರ ತಲುಪಿದಾಗ

2021ರ ಜನವರಿ 9, ಶನಿವಾರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಮುಟ್ಟಿದ್ದು 11ರ ಸೋಮವಾರ ನಸುಕಿನಲ್ಲಿ. ಅಂತರ ಸುಮಾರು 14,000 ಕಿಲೋಮೀಟರ್. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಅದನ್ನು ನಡೆಸಿದರೆಂದು ನಾಡು ಹೆಮ್ಮೆಪಟ್ಟಿತು. ಆದರೆ ಕ್ಯಾಲೆಂಡರ್ ನೋಡಿದವರಿಗೆ ಒಂದು ಪ್ರಶ್ನೆ ಹುಟ್ಟದಿರದು: ಆ ಪ್ರಯಾಣಿಕರ ಭಾನುವಾರ ಎಲ್ಲಿ ಹೋಯಿತು?

ಚಳಿಗಾಲದಲ್ಲಿ ನಮ್ಮ ಗಡಿಯಾರವು ಆ ನಗರದ್ದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆ. ಜನವರಿಯಲ್ಲಿ ಅಲ್ಲಿ ಶನಿವಾರ ರಾತ್ರಿ ಎಂಟೂವರೆಯಾದಾಗ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ನಮ್ಮ ಜನ ಬಲಿಪೂಜೆ ಮುಗಿಸಿ ಮನೆಗೆ ಮರಳುವ ಹೊತ್ತು. ಹಾರಾಟದ ಹದಿನೇಳು ಗಂಟೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ ಮೂರು. ಭಾನುವಾರ ಕಳೆದುಹೋಗಲಿಲ್ಲ, ಆಕಾಶದಲ್ಲಿ ಕಳೆಯಿತು.

ಗೋಡೆಯ ಭೂಪಟದಲ್ಲಿ ಈ ದಾರಿ ಮಹಾಸಾಗರದ ಮೇಲೆ ಹಾದಂತೆ ಕಾಣುತ್ತದೆ. ಭೂಮಿ ಗುಂಡಗಿದ್ದು, ಎರಡೂ ನಗರಗಳು ಹೆಚ್ಚುಕಡಿಮೆ ಎದುರುಬದಿರಾಗಿರುವುದರಿಂದ ಹತ್ತಿರದ ಹಾದಿ ಇರುವುದು ಉತ್ತರ ಧ್ರುವದ ಬಳಿ. ಆ ವಿಮಾನ ಹಿಡಿದದ್ದೂ ಅದನ್ನೇ. ಮೇಲಿನ ಗಾಳಿ ದಿನದಿನಕ್ಕೂ ಬದಲಾಗುವುದರಿಂದ ‘ಎಷ್ಟು ದೂರ’ ಎಂಬುದಕ್ಕೆ ಒಂದೇ ಉತ್ತರವಿದ್ದರೂ ‘ಎಷ್ಟು ಹೊತ್ತು’ ಎಂಬುದಕ್ಕಿಲ್ಲ.

ಪ್ರಿಯ ಓದುಗರೇ, ಈ ಲೆಕ್ಕ ಬರಿಯ ಕುತೂಹಲದ್ದಲ್ಲ. ಚಳಿಗಾಲದ ಒಂದು ಶನಿವಾರ ಹೊನ್ನಾಳಿಯ ಮನೆಯೊಂದರಲ್ಲಿ ತಾಯಿ ತೀರಿಕೊಂಡರೆಂದು ಭಾವಿಸಿ. ‘ಶನಿವಾರ ರಾತ್ರಿ ಎಂಟೂವರೆಯ ವಿಮಾನ, ಹದಿನೇಳು ಗಂಟೆ’ ಎಂದು ಮಗನ ಫೋನು ಬರುತ್ತದೆ. ಮನೆಯವರು ನಮ್ಮ ಗಡಿಯಾರದಲ್ಲೇ ಎಣಿಸಿ, ಭಾನುವಾರ ಮಧ್ಯಾಹ್ನ ಇಳಿಯುವನೆಂದು ತಿಳಿದು, ಸೂರ್ಯಾಸ್ತದೊಳಗೆ ಅಂತ್ಯಕ್ರಿಯೆ ನಿಶ್ಚಯಿಸುತ್ತಾರೆ. ಆದರೆ ಭಾನುವಾರ ಸಂಜೆ ನಾಲ್ಕಕ್ಕೆ ಅವನು ವಿಮಾನವೇರಿ ಕೇವಲ ಆರು ಗಂಟೆಯಾಗಿರುತ್ತದೆ. ಒಂದು ತಪ್ಪೆಣಿಕೆಯಿಂದ ತಾಯಿಯ ಮುಖ ನೋಡುವ ಕೊನೆಯ ಅವಕಾಶವೇ ತಪ್ಪುತ್ತದೆ.

ಇಳಿದ ಮೇಲೂ ಹಾದಿ ಮುಗಿಯದು. ದೇವನಹಳ್ಳಿಯಿಂದ ಹೊನ್ನಾಳಿ, ಚನ್ನಗಿರಿ, ಜಗಳೂರುಗಳಿಗೆ ರಸ್ತೆಯಲ್ಲಿ ಇನ್ನೂ ಹಲವು ಗಂಟೆಗಳ ಪಯಣ. ನ್ಯಾಮತಿಯ ಕಡೆಯವರಿಗೆ ಶಿವಮೊಗ್ಗದ ಸೋಗಾನೆ ವಿಮಾನನಿಲ್ದಾಣ ಹತ್ತಿರ. ಬೆಂಗಳೂರಿನಿಂದ ಅಲ್ಲಿಗೆ ಮೊದಲ ಪ್ರಯಾಣಿಕ ವಿಮಾನ ಬಂದದ್ದು 2023ರ ಆಗಸ್ಟ್ 31ರಂದು. ಆದರೆ ನಸುಕಿನಲ್ಲಿ ಇಳಿದವರಿಗೆ ಮುಂದಿನ ವಿಮಾನಕ್ಕೆ ಕಾಯುವುದಕ್ಕಿಂತ ಕಾರೇ ಮೇಲಾಗಬಹುದು. ನಡುವೆ ಬೇರೊಂದು ದೇಶದಲ್ಲಿ ಇಳಿದು ಹತ್ತುವುದಾದರಂತೂ ಗಂಟೆಗಳು ಇನ್ನೂ ಹೆಚ್ಚುತ್ತವೆ.

ಆದುದರಿಂದ ಹೊರಡುವ ಹೊತ್ತನ್ನಲ್ಲ, ತಲುಪುವ ಹೊತ್ತನ್ನು ಕೇಳಿರಿ. ಇಲ್ಲಿನ ದಿನ, ಇಲ್ಲಿನ ಗಂಟೆ, ಮನೆಯ ಬಾಗಿಲಿಗೆ ಎಷ್ಟಕ್ಕೆ ಎಂಬುದನ್ನು ಕಾಗದದಲ್ಲಿ ಬರೆದುಕೊಂಡು, ಬಳಿಕವೇ ಧರ್ಮಕೇಂದ್ರದ ಗುರುಗಳೊಡನೆ ಸಮಯ ನಿಗದಿಪಡಿಸಿರಿ.

ಕಾಲವನ್ನು ಅಳೆಯುವುದು ಮನಸ್ಸೇ ಎಂದು ಸಂತ ಅಗಸ್ಟೀನರು ಚಿಂತಿಸಿದ್ದರು. ಕಾಯುವ ಮನೆಗೆ ಹದಿನೇಳು ಗಂಟೆ ಎಷ್ಟು ದೀರ್ಘವೆಂಬುದನ್ನು ಗಡಿಯಾರ ಹೇಳದು. ಆ ಕಾಯುವಿಕೆ ವ್ಯರ್ಥವಾಗದಿರಲು ಒಂದು ಕೂಡುವ ಲೆಕ್ಕ ಸಾಕು.