ರಾತ್ರಿಯ ನಿದ್ದೆಗೆ ಕಲೆಯ ಭಯವೇಕೆ?

ನಾಮಕರಣಕ್ಕೆಂದು ಅಕ್ಕನ ಮನೆಗೆ ಹೋಗಿದ್ದೀರಿ. ನೆಂಟರೆಲ್ಲಾ ಹಾಲ್‌ನಲ್ಲಿ ಸಾಲಾಗಿ ಮಲಗಿದ್ದಾರೆ. ನಿಮಗೋ ಮುಟ್ಟಿನ ಎರಡನೇ ದಿನ. ಮಗ್ಗುಲು ಬದಲಿಸಲೂ ಭಯ. ಬೆಳಿಗ್ಗೆ ಎದ್ದು ನಿಂತಿದ್ದೇ ತಡ, ಒಮ್ಮೆಲೇ ಸ್ರಾವ. ತಿರುಗಿ ನೋಡಿದರೆ... ಅಯ್ಯೋ, ಹಾಸಿಗೆಯ ಮೇಲೆ ಕಲೆ! ಯಾರಾದರೂ ಏಳುವ ಮೊದಲೇ ಬೆಡ್‌ಶೀಟ್ ಸುತ್ತಿಕೊಂಡು ಬಚ್ಚಲಿಗೆ ಓಟ.

ಇಂಥ ಬೆಳಗು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತು. ಆದರೆ ಬಾಯಿಬಿಟ್ಟು ಹೇಳುವವರು ಕಡಿಮೆ. ಸ್ವಲ್ಪ ಮುನ್ನೆಚ್ಚರಿಕೆ ವಹಿಸಿದರೆ ಈ ಫಜೀತಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಬೆಳಿಗ್ಗೆಯೇ ಏಕೆ ಹೀಗೆ?

ಮಲಗಿದರೆ ಸ್ರಾವ ನಿಲ್ಲುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಮಲಗಿದಾಗ ರಕ್ತ ಕೆಳಗಿಳಿಯುವುದು ನಿಧಾನವಾಗಿ, ಯೋನಿ ಮಾರ್ಗದಲ್ಲೇ ಸ್ವಲ್ಪ ನಿಂತಿರುತ್ತದೆ. ಎದ್ದು ನಿಂತ ಕೂಡಲೇ ಅದೆಲ್ಲಾ ಒಟ್ಟಿಗೆ ಹೊರಬರುತ್ತದೆ. ನಿಂತ ರಕ್ತ ಕಂದು ಬಣ್ಣಕ್ಕೆ ತಿರುಗಿರಬಹುದು, ಲೋಳೆಯಂತೆ ಸಣ್ಣ ಸಣ್ಣ ಗಂಟುಗಳೂ ಇರಬಹುದು. ಇದಕ್ಕೆ ಗಾಬರಿ ಬೇಡ.

ಮಲಗುವ ಮುನ್ನ...

* ಪ್ಯಾಡ್ ಅನ್ನು ಊಟವಾದ ಮೇಲೆ ಬದಲಿಸಿ ಟೀವಿ ಮುಂದೆ ಕೂತರೆ ಪ್ರಯೋಜನವಿಲ್ಲ. ದೀಪ ಆರಿಸುವ ಮುನ್ನ ಬದಲಿಸಿ.

* ರಾತ್ರಿಗೆ ಉದ್ದನೆಯ, ರೆಕ್ಕೆಯಿರುವ ಪ್ಯಾಡ್ ಒಳ್ಳೆಯದು. ಅಂಗಾತ ಮಲಗುವವರು ಅದನ್ನು ತುಸು ಹಿಂದಕ್ಕೆ, ಬೋರಲು ಮಲಗುವವರು ಮುಂದಕ್ಕೆ ಸರಿಸಿ ಅಂಟಿಸಿಕೊಳ್ಳಿ.

* ಒಂದರ ಮೇಲೊಂದು ಎರಡು ಪ್ಯಾಡ್ ಇಡುವುದು ದಂಡ. ಮೇಲಿನದರ ತಳದಲ್ಲಿ ಪ್ಲಾಸ್ಟಿಕ್ ಇರುವುದರಿಂದ ಕೆಳಗಿನದಕ್ಕೆ ರಕ್ತ ಇಳಿಯುವುದೇ ಇಲ್ಲ. ಬದಲಿಗೆ ಒಂದರ ತುದಿಗೆ ಇನ್ನೊಂದು ಬರುವಂತೆ ಉದ್ದಕ್ಕೆ ಇಡಿ.

* ಒಳ ಉಡುಪು ಮೈಗೆ ಸರಿಯಾಗಿ ಕೂರುವಂತಿರಲಿ. ಸಡಿಲವಾಗಿದ್ದರೆ ಪ್ಯಾಡ್ ಜರುಗಿ ಪಕ್ಕದಿಂದ ಸೋರುತ್ತದೆ.

* ಹಾಸಿಗೆಯ ಮೇಲೆ ಗಾಢ ಬಣ್ಣದ ಹಳೇ ಟವೆಲ್ ಅಡ್ಡ ಹಾಸಿಕೊಳ್ಳಿ. ನೆಂಟರ ಮನೆಗೆ ಹೋಗುವಾಗಲೂ ಬ್ಯಾಗಿನಲ್ಲಿ ಒಂದಿರಲಿ.

* ಬಟ್ಟೆ ಬಳಸುವವರು ಅದನ್ನು ಸೋಪು ಹಾಕಿ ಒಗೆದು ಬಿಸಿಲಿನಲ್ಲೇ ಒಣಗಿಸಿ. ನಾಚಿಕೆಯಿಂದ ಕತ್ತಲ ಮೂಲೆಯಲ್ಲಿ ಒಣಹಾಕಿದರೆ ತೇವ ಉಳಿದು ತುರಿಕೆ, ಸೋಂಕು ಬರಬಹುದು.

* ಮುಟ್ಟಿನ ಕಪ್ ಬಳಸುವವರು ಅದನ್ನು ಹೆಚ್ಚೆಂದರೆ 12 ಗಂಟೆ ಇಟ್ಟುಕೊಳ್ಳಬಹುದು. ಸ್ರಾವ ಜಾಸ್ತಿಯಿದ್ದರೆ ಬೇಗ ತುಂಬುತ್ತದೆ. ಟ್ಯಾಂಪೂನ್ ಆದರೆ 8 ಗಂಟೆ ಮೀರಬಾರದು.

ಏಳುವಾಗ...

ಅಲಾರಾಂ ಹೊಡೆದ ಕೂಡಲೇ ಧಡಕ್ಕನೆ ಏಳಬೇಡಿ. ಮೊದಲು ಮಗ್ಗುಲಿಗೆ ತಿರುಗಿ, ತೊಡೆಗಳನ್ನು ಜೋಡಿಸಿಕೊಂಡು ಟವೆಲ್ ಮೇಲೇ ಎದ್ದು ಕುಳಿತುಕೊಳ್ಳಿ. ನಂತರ ನಿಧಾನವಾಗಿ ನಿಂತು ನೇರ ಬಚ್ಚಲಿಗೆ ಹೋಗಿ. ಅಲ್ಲಿ ಎರಡು ನಿಮಿಷ ಕೂತರೆ ನಿಂತ ರಕ್ತ ಇಳಿದುಹೋಗುತ್ತದೆ. ಆಮೇಲೆ ಹೊಸ ಪ್ಯಾಡ್. ಕಾಫಿ ಕಾಯಿಸುವುದು, ಮಕ್ಕಳ ಡಬ್ಬಿ ತುಂಬುವುದು ಅದಾದ ಮೇಲೆ!

ಕಲೆಯಾಗಿದ್ದರೆ ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪು ಹಾಕಿ ಉಜ್ಜಿ. ಬಿಸಿನೀರು ಹಾಕಿದರೆ ಕಲೆ ಬಟ್ಟೆಗೆ ಅಂಟಿಕೊಂಡುಬಿಡುತ್ತದೆ.

ಇದು ಮಾಮೂಲಲ್ಲ!

ಇಷ್ಟೆಲ್ಲಾ ಮಾಡಿದರೂ ರಾತ್ರಿ ಎರಡು-ಮೂರು ಸಲ ಎದ್ದು ಪ್ಯಾಡ್ ಬದಲಿಸಬೇಕಾಗುತ್ತಿದೆಯೇ? ಹಾಗಿದ್ದರೆ ಅದು ಪ್ಯಾಡ್‌ನ ದೋಷವಲ್ಲ. ‘ನಮ್ಮಮ್ಮನಿಗೂ ಹೀಗೇ ಆಗ್ತಿತ್ತು, ಹೆಣ್ಣು ಅಂದ್ಮೇಲೆ ಇದ್ದದ್ದೇ’ ಎಂದು ಸುಮ್ಮನಾಗಬೇಡಿ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. 80 ಮಿಲಿಲೀಟರ್ ದಾಟಿದರೆ ಅತಿಸ್ರಾವ. ಅಳೆಯುವುದು ಹೇಗೆ ಅಂತೀರಾ? ಅಳೆಯಬೇಕಿಲ್ಲ, ಈ ಲಕ್ಷಣಗಳನ್ನು ಗಮನಿಸಿದರೆ ಸಾಕು:

* ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೆಯುವುದು
* ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ರಕ್ತದ ಗಂಟುಗಳು
* ಏಳು ದಿನ ಕಳೆದರೂ ನಿಲ್ಲದ ಸ್ರಾವ
* ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ತಲೆಸುತ್ತು

ಇವುಗಳಲ್ಲಿ ಒಂದಿದ್ದರೂ ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭಕೋಶದಲ್ಲಿ ಗೆಡ್ಡೆ, ಹಾರ್ಮೋನ್ ಏರುಪೇರು, ಥೈರಾಯ್ಡ್, ಕಾಪರ್-ಟಿ, ರಕ್ತ ಹೆಪ್ಪುಗಟ್ಟುವಿಕೆಯ ದೋಷ... ಹೀಗೆ ಕಾರಣ ಹಲವು. ಗಂಟೆಗೊಂದು ಪ್ಯಾಡ್‌ನಂತೆ ಸತತ ಎರಡು-ಮೂರು ಗಂಟೆ ನೆನೆದರೆ, ಕಣ್ಣು ಕತ್ತಲಿಟ್ಟರೆ ಅಥವಾ ಗರ್ಭಿಣಿ ಇರಬಹುದೆಂಬ ಅನುಮಾನವಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಗೆ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅಂದರೆ ಸುಮಾರು ಇಬ್ಬರಲ್ಲಿ ಒಬ್ಬರಿಗೆ! ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಮೈಗೆ ಹತ್ತುತ್ತದೆ. ನೋವಿಗೆಂದು ನಿಮ್ಮಷ್ಟಕ್ಕೇ ಆಸ್ಪಿರಿನ್ ನುಂಗುವುದೂ ಬೇಡ, ಸ್ರಾವ ಹೆಚ್ಚೀತು.

‘ಡಾಕ್ಟರ್ ಹತ್ರ ಹೋದ್ರೆ ಗರ್ಭಕೋಶ ತೆಗೀಬೇಕು ಅಂತಾರೆ’ ಎಂಬ ಅಂಜಿಕೆ ಅನೇಕರಿಗಿದೆ. ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ. ಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನ್ ಸಾಧನವಿದೆ. ಮೊದಲ ಭೇಟಿಯಲ್ಲೇ ಆಪರೇಷನ್ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ಈ ತಿಂಗಳಿನಿಂದಲೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ: ಯಾವತ್ತು ಶುರುವಾಯಿತು, ದಿನಕ್ಕೆಷ್ಟು ಪ್ಯಾಡ್, ರಾತ್ರಿ ಎಷ್ಟು ಸಲ ಎದ್ದಿರಿ? ಎರಡು-ಮೂರು ತಿಂಗಳ ಈ ಲೆಕ್ಕ ವೈದ್ಯರಿಗೆ ಬಹಳ ಉಪಯುಕ್ತ. ಮೇಲಿನ ಲಕ್ಷಣಗಳು ಈಗಾಗಲೇ ಇದ್ದರೆ ಮಾತ್ರ ಅಷ್ಟು ದಿನ ಕಾಯಬೇಡಿ. ಮಗಳಿಗೂ ಲೆಕ್ಕ ಇಡುವುದನ್ನು ಕಲಿಸಿ. ಬೆಡ್‌ಶೀಟ್ ಕಲೆಯಾದಾಗ ಅವಳು ಅದನ್ನು ಬಚ್ಚಿಡದೆ ‘ಅಮ್ಮಾ, ಈ ಸಲ ತುಂಬಾ ಜಾಸ್ತಿ ಆಗ್ತಿದೆ’ ಎಂದು ಬಂದು ಹೇಳುವಂತಿರಬೇಕು, ಅಲ್ಲವೇ?