ಬೂದಿ ಮುಚ್ಚಿದ ಕೆಂಡ

ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣದು. ಅಂಗೈಯನ್ನು ಸಮೀಪಕ್ಕೆ ಒಯ್ದೊಡನೆ ಅದರ ಇರವು ತಿಳಿಯುತ್ತದೆ. ಆಕಾಶದಲ್ಲಿಯೂ ಇಂಥ ಕೆಂಡಗಳುಂಟು.

ನಕ್ಷತ್ರಗಳ ಮಹಾಸಮೂಹವಾದ ಗೆಲಾಕ್ಸಿಯನ್ನು ಬ್ರಹ್ಮಾಂಡವೆಂದು ಕರೆಯುವುದು ನಮ್ಮಲ್ಲಿ ರೂಢಿ. ಕೆಲವು ಬ್ರಹ್ಮಾಂಡಗಳಲ್ಲಿ ನಕ್ಷತ್ರಗಳು ಮಂದಗತಿಯಿಂದ ಜನಿಸುತ್ತವೆ. ನಮ್ಮ ಆಕಾಶಗಂಗೆ ಅಂಥದು; ಇಲ್ಲಿ ವರ್ಷವೊಂದಕ್ಕೆ ಹುಟ್ಟುವ ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಒಂದೆರಡು ಸೂರ್ಯರಷ್ಟು ಮಾತ್ರ. ಮತ್ತೆ ಕೆಲವಲ್ಲಿ ಈ ಜನನ ಹತ್ತಾರು, ನೂರಾರು ಪಟ್ಟು ಭರದಿಂದ ಸಾಗುತ್ತದೆ. ಇವೇ ಸ್ಟಾರ್‌ಬರ್ಸ್ಟ್ ಬ್ರಹ್ಮಾಂಡಗಳು. ಈ ಎರಡು ಬಗೆಗಳನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ?

ಎಳೆಯ ದೈತ್ಯ ನಕ್ಷತ್ರಗಳು ನೀಲಿ ಹಾಗೂ ಅತಿನೇರಿಳೆ ಬೆಳಕನ್ನು ಸೂಸುತ್ತವೆ. ಅದನ್ನು ಅಳೆದರೆ ಸಾಲದೆ? ಸಾಲದು. ನಕ್ಷತ್ರಗಳ ಜನ್ಮಸ್ಥಾನ ಧೂಳು ತುಂಬಿದ ಅನಿಲಮೇಘ. ಧೂಳಿನ ಕಣಗಳು ಆ ಬೆಳಕನ್ನು ಹೀರಿ, ಬಿಸಿಯೇರಿ, ಅದೇ ಶಕ್ತಿಯನ್ನು ಅವಕೆಂಪು ಕಿರಣಗಳಾಗಿ ಹೊರಗೆಡಹುತ್ತವೆ. ಬಿಸಿಯೆಂದರೂ ಅದು ನಮ್ಮ ಪಾಲಿಗೆ ಕಡುಚಳಿಯೇ. ಶಾಂತ ಬ್ರಹ್ಮಾಂಡದ ಧೂಳು ಪರಮಶೂನ್ಯಕ್ಕಿಂತ ಸುಮಾರು 20 ಡಿಗ್ರಿಯಷ್ಟೇ ಮೇಲಿರುತ್ತದೆ. ಸ್ಟಾರ್‌ಬರ್ಸ್ಟಿನಲ್ಲಿ 40 ಡಿಗ್ರಿಯನ್ನೂ ಮೀರಬಹುದು. ವಸ್ತು ಬಿಸಿಯಾದಷ್ಟೂ ಅದರ ವಿಕಿರಣದ ಶಿಖರ ಕಿರಿದಾದ ಅಲೆಯುದ್ದದ ಕಡೆಗೆ ಸರಿಯುತ್ತದೆಂಬುದು ವೀನ್ ನಿಯಮ. ಇದರಂತೆ 20 ಡಿಗ್ರಿಯ ಶಿಖರ 145 ಮೈಕ್ರಾನಿನ ಬಳಿ, 45 ಡಿಗ್ರಿಯದು 64 ಮೈಕ್ರಾನಿನ ಬಳಿ ಬೀಳುತ್ತದೆ.

ಈ ಕಿರಣಗಳನ್ನು ನಮ್ಮ ವಾಯುಮಂಡಲದ ನೀರಾವಿ ತಡೆಯುತ್ತದೆ. ಆದುದರಿಂದ 1983ರಲ್ಲಿ ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ ಕೂಡಿ ಐರಾಸ್ ಎಂಬ ಉಪಗ್ರಹವನ್ನು ಹಾರಿಸಿದವು. ಅದರ ದೂರದರ್ಶಕವೇ ಅವಕೆಂಪನ್ನು ಸೂಸಿ ಅಳತೆಯನ್ನು ಕೆಡಿಸದಿರಲೆಂದು ದ್ರವ ಹೀಲಿಯಮ್ಮಿನಿಂದ ಅದನ್ನು ತಣಿಸಲಾಗಿತ್ತು. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಬ್ರಹ್ಮಾಂಡದಲ್ಲಿ 100 ಮೈಕ್ರಾನಿನ ಪ್ರಭೆ 60 ಮೈಕ್ರಾನಿನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚೆಂದು ಕಂಡಿತು. ಸಪ್ತರ್ಷಿಮಂಡಲದ ದಿಕ್ಕಿನಲ್ಲಿ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರವಿರುವ ಎಂ 82ರಲ್ಲಾದರೋ ಎರಡೂ ಹೆಚ್ಚುಕಡಮೆ ಸಮ. ಮೊದಲನೆಯದು ಶಾಂತ, ಎರಡನೆಯದು ಸ್ಟಾರ್‌ಬರ್ಸ್ಟ್.

ಒಟ್ಟು ಪ್ರಭೆಯೊಂದನ್ನೇ ನೋಡಿದರೆ ಮೋಸಹೋಗಬಹುದು, ಏಕೆಂದರೆ ದೊಡ್ಡ ಶಾಂತ ಬ್ರಹ್ಮಾಂಡವೂ ಬಹಳ ಅವಕೆಂಪನ್ನು ಸೂಸೀತು. ಪ್ರಭೆಗಳ ಅನುಪಾತ ಧೂಳಿನ ಉಷ್ಣತೆಯನ್ನೇ ತಿಳಿಸುತ್ತದೆ. ಆದರೂ ಎಚ್ಚರ ಬೇಕು: ಕೇಂದ್ರದ ಕಪ್ಪುಕುಳಿಯ ಸುತ್ತಣ ಕಾದ ಅನಿಲವೂ ಧೂಳನ್ನು ಬಿಸಿಮಾಡಬಲ್ಲುದು. ಅಂಥಲ್ಲಿ 25 ಮೈಕ್ರಾನಿನ ಪ್ರಭೆ ಅಧಿಕವಾಗಿ ಗುಟ್ಟನ್ನು ಬಯಲುಮಾಡುತ್ತದೆ.

ನೆರೆಯ ಎಂ 81 ಹಿಂದೊಮ್ಮೆ ಸಮೀಪದಲ್ಲಿ ಹಾದುಹೋದಾಗ ಅದರ ಸೆಳೆತದಿಂದ ಎಂ 82ರ ಅನಿಲ ಕೇಂದ್ರದತ್ತ ಹರಿದು ಒತ್ತಾಯಿತೆಂದು ತಜ್ಞರ ಅಭಿಪ್ರಾಯ. ಈ ಭರ ಶಾಶ್ವತವಲ್ಲ. ಅನಿಲ ಮುಗಿದಂತೆ ನಕ್ಷತ್ರಜನನ ಕುಗ್ಗುವುದು, ಧೂಳು ತಣಿಯುವುದು. ಆಗ ಎಂ 82ರ ಅನುಪಾತವೂ ದೇವಯಾನಿಯದನ್ನು ಹೋಲತೊಡಗುವುದು.