‘ಗಿವ್ ಅಪ್’: ಬಿಡುವುದೋ, ಬಿಟ್ಟುಕೊಡುವುದೋ?

ಇಂಗ್ಲಿಷಿನ ‘ಗಿವ್ ಅಪ್’ ಎಂಬ ನುಡಿಗಟ್ಟಿನ ಅರ್ಥ ಅದರ ಬಿಡಿಪದಗಳಿಂದ ದೊರೆಯುವುದಿಲ್ಲ. ‘ಕೊಡು’, ‘ಮೇಲೆ’ ಎಂಬ ಅರ್ಥಗಳನ್ನು ಕೂಡಿಸಿದರೆ ‘ತೊರೆ’ ಎಂಬುದು ಹುಟ್ಟದು. ಇಲ್ಲಿ ‘ಅಪ್’ ಸೂಚಿಸುವುದು ದಿಕ್ಕನ್ನಲ್ಲ, ಕ್ರಿಯೆಯ ಪೂರ್ಣತೆಯನ್ನು. ‘ಈಟ್ ಅಪ್’, ‘ಯೂಸ್ ಅಪ್’ಗಳಲ್ಲಿಯೂ ಹೀಗೆಯೇ. ಕನ್ನಡದ ‘ತಿಂದುಬಿಡು’ವಿನಲ್ಲಿ ‘ಬಿಡು’ ಸಹಾಯಕ ಕ್ರಿಯಾಪದವು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ.

ಅನುವಾದದ ನಿಜವಾದ ತೊಡಕಿರುವುದು ಬೇರೆಡೆ. ಧೂಮಪಾನವನ್ನು ‘ಗಿವ್ ಅಪ್’ ಮಾಡಿದವನು ಅದನ್ನು ಬಿಟ್ಟುಬಿಡುತ್ತಾನೆ. ಬಸ್ಸಿನಲ್ಲಿ ಆಸನವನ್ನು ‘ಗಿವ್ ಅಪ್’ ಮಾಡಿದವನು ವೃದ್ಧರಿಗೆ ಬಿಟ್ಟುಕೊಡುತ್ತಾನೆ. ಪಡೆಯುವವರಿದ್ದಲ್ಲಿ ಕನ್ನಡವು ‘ಕೊಡು’ವನ್ನು ಬೇಡುತ್ತದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ ಸಾಕು. ರೈತನೊಬ್ಬ ಭೂಮಿಯನ್ನು ‘ಗಿವ್ ಅಪ್’ ಮಾಡಿದನೆಂಬ ವಾಕ್ಯ ಬಂದಾಗ, ಅವನು ಭೂಮಿಯನ್ನು ತೊರೆದು ಹೋದನೋ ಇನ್ನೊಬ್ಬರ ವಶಕ್ಕೆ ಒಪ್ಪಿಸಿದನೋ ಎಂಬುದನ್ನು ಅನುವಾದಕರು ಸಂದರ್ಭದಿಂದಲೇ ನಿರ್ಧರಿಸಬೇಕು. ‘ತ್ಯಜಿಸಿದನು’ ಎಂದು ಬರೆದರೆ ಭೂಮಿ ಯಾರಿಗೆ ಸೇರಿತೆಂಬ ಪ್ರಶ್ನೆಯೇ ಮರೆಯಾಗುತ್ತದೆ. ಕರ್ಮಪದವಿಲ್ಲದ ‘ಐ ಗಿವ್ ಅಪ್’ಗಾದರೋ ‘ಸೋತೆ’ ಎಂಬ ಒಂದೇ ಮಾತು ಸಾಕು.

ಪದಕ್ರಮವೂ ಗಮನಾರ್ಹ. ಕರ್ಮವು ಸರ್ವನಾಮವಾದರೆ ಅದು ನಡುವೆಯೇ ಬರಬೇಕು: ‘ಗಿವ್ ಇಟ್ ಅಪ್’ ಸಾಧು, ‘ಗಿವ್ ಅಪ್ ಇಟ್’ ಅಸಾಧು. ಕನ್ನಡದ ‘ಬಿಟ್ಟುಬಿಡು’ ತನ್ನ ನಡುವೆ ಕರ್ಮವನ್ನು ಸೇರಿಸಿಕೊಳ್ಳದು. ‘ಬಿಟ್ಟೇಬಿಟ್ಟನು’ ಎಂಬಲ್ಲಿನಂತೆ ಅವಧಾರಣೆಯ ಏಕಾರಕ್ಕೆ ಎಡೆಗೊಡುತ್ತದೆ.